ಮೊರದಲ್ಲಿಟ್ಟ ಕೂಸು

ಮೊಮ್ಮಗಳು ತನುಜ ಚೊಚ್ಚಲ ಕೂಸಿಗೆ ಚಿರಾಯು ಎಂದು ಹೆಸರಿಟ್ಟಿದ್ದಳು. ‘ಅಂದ್ರೆ ತುಂಬಾ ವರ್ಷ ಬದುಕೋನು ಕಣಜ್ಜಿ, ಫೋನಲ್ಲಿ ಹುಡುಕ್ದೆ’ ಅಂದಿದ್ದಳು. ಹದಿನೆಂಟೇ ದಿನ ಬದುಕಿತು ಮಗು. ಎರಡನೆಯದೂ ಹೆಸರಿಟ್ಟ ವಾರಕ್ಕೇ ಹೋಯಿತು.

ನನಗಿಂತ ಮುಂಚಿನ ಇಬ್ಬರೂ ಉಳಿಯಲಿಲ್ಲವೆಂದು, ನನ್ನನ್ನು ಮೊರದಲ್ಲಿಟ್ಟು ಕೆಂಚಾರ್ಲಹಳ್ಳಿಯ ತಿಪ್ಪೆಯ ಮೇಲೆ ಮಲಗಿಸಿ, ಹಿಡಿ ರಾಗಿ ಕೊಟ್ಟು ಮರಳಿ ಕೊಂಡುಕೊಂಡು ತಿಪ್ಪಮ್ಮ ಎಂದು ಕರೆದರಂತೆ. ಯಾರಿಗೂ ಬೇಡದ ಕೂಸನ್ನು ಸಾವೂ ಮುಟ್ಟುವುದಿಲ್ಲವೆಂದು ನಂಬಿಕೆ. ತನುಜ ಚಿಕ್ಕಂದಿನಲ್ಲಿ ‘ಕಸದಜ್ಜಿ’ ಎಂದು ಗೇಲಿ ಮಾಡುತ್ತಿದ್ದಳು.

ಮೂರನೆಯದು ಹೆಣ್ಣು. ನಾಮಕರಣದ ಬೆಳಿಗ್ಗೆ ತನುಜ ಮೊರ ಹಿಡಿದು ಬಂದಳು. ಅದರಲ್ಲಿ ಕೂಸು.

‘ಈ ಸಲ ಅರ್ಥ ಗಿರ್ಥ ಬೇಡಜ್ಜಿ. ನಿನ್ ಹೆಸ್ರೇ ಕೊಡು.’

ಸೆರಗಿಗೆ ಹಿಡಿ ರಾಗಿ ಕಟ್ಟಿಕೊಂಡೆ. ಚಿಂತಾಮಣಿಯ ನಮ್ಮ ಬೀದಿಯಲ್ಲಿ ತಿಪ್ಪೆಯಿಲ್ಲ. ಕೂಸನ್ನು ಅವಚಿಕೊಂಡು ಕೆಂಚಾರ್ಲಹಳ್ಳಿಯ ಬಸ್ಸು ಹತ್ತಿದೆವು.