ಪಕ್ಕದ ಮನೆಯ ಗಂಜಿ

ದೇವದಾಸ್ ಕೆಲಸಕ್ಕೆ ಹೊರಟು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಾಗ ಪಕ್ಕದ ಮನೆಯ ಸೆಲ್ಲಮ್ಮ ಪಾತ್ರೆ ಹಿಡಿದು ಬಂದಳು. ಅವಳದು ತಲೆತಲಾಂತರದಿಂದ ತಿರುಪ್ಪೂರಿನಲ್ಲೇ ನೇಯ್ಗೆ ಮಾಡಿಕೊಂಡಿದ್ದ ಕನ್ನಡದ ಮನೆ; ಮಾತಿನಲ್ಲಿ ತಮಿಳು ಬೆರೆತಿತ್ತು. ಹೆಂಗಸಿಗೆ ಅರವತ್ತು ದಾಟಿತ್ತು.

"ರಾಜಮ್ಮನಿಗೆ ಕೊಂಜ ಕಂಜಿ ತಂದೆ ತಂಬಿ. ಸೂಡಾಗಿ, ಬಿಸಿ ಇರುವಾಗ್ಲೇ ಕುಡೀಲಿ."

ದೇವದಾಸ್ ಕೈ ಚಾಚಲಿಲ್ಲ. ಮನೆಯಲ್ಲಿ ಅಡುಗೆಯಾಗಿದೆ, ನೀವು ತೊಂದರೆ ತೆಗೆದುಕೊಳ್ಳಬೇಡಿ ಎಂದ. ಅವತ್ತು ಶುಕ್ರವಾರ. ಸೆಲ್ಲಮ್ಮನ ಹಣೆಯ ಕುಂಕುಮ ಇನ್ನೂ ಹಸಿಯಾಗಿತ್ತು. ಅವಳು ಅವನ ಹೆಗಲಾಚೆ ಮಂಚದ ಕಡೆ ಒಮ್ಮೆ ನೋಡಿ ಹಿಂತಿರುಗಿದಳು. ಮಂಚದ ಮೇಲೆ ಅವನ ಹೆಂಡತಿ ರಾಜಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಗಂಡ ಹೆಂಡತಿ ಕೊಳ್ಳೇಗಾಲದ ಕಡೆಯಿಂದ ತಿರುಪ್ಪೂರಿಗೆ ಬಂದು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಇಬ್ಬರೂ ಒಂದೇ ಬನಿಯನ್ ಕಂಪನಿಯಲ್ಲಿ ದುಡಿಯುತ್ತಿದ್ದರು. ರಾಜಮ್ಮನಿಗೆ ಹೊಟ್ಟೆನೋವು ಶುರುವಾಗಿ, ಕೊಯಮತ್ತೂರಿಗೆ ಹೋಗಿ ತೋರಿಸುವ ಹೊತ್ತಿಗೆ ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟರು.

ದೇವದಾಸ್ ನಂಬಿದ್ದು ಪ್ರಾರ್ಥನೆಯನ್ನು, ಮತ್ತು ಕ್ರೈಸ್ತ ಪ್ರಾರ್ಥನಾ ಸಭೆ ನಡೆಸುತ್ತಿದ್ದ ಪ್ರಭಾಕರನ್ ಬ್ರದರನ್ನು. ಎರಡು ವರ್ಷದ ಹಿಂದೆ ಕುಡಿದು ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದ ತನ್ನನ್ನು ಎತ್ತಿ ತಂದು ಮನುಷ್ಯನನ್ನಾಗಿ ಮಾಡಿದವನು ಅವನೇ. ಹಾಗಾಗಿ ಅವನ ಮಾತು ದೇವದಾಸನಿಗೆ ವೇದವಾಕ್ಯ. ವಿಗ್ರಹದ ಮುಂದೆ ಇಟ್ಟದ್ದನ್ನು ಮುಟ್ಟಬಾರದು ಎಂದರೆ ಮುಟ್ಟಲಿಲ್ಲ. ವಾರಕ್ಕೆ ಮೂರು ದಿನ ಉಪವಾಸವಿರು ಎಂದರೆ ಇದ್ದ. ಬೆಳಿಗ್ಗೆ ಹೆಂಡತಿಗೆಂದು ಮಾಡಿಟ್ಟು ಹೋದ ಅನ್ನ ಸಂಜೆ ಹಾಗೇ ಇರುತ್ತಿತ್ತು. ಆದರೂ ರಾಜಮ್ಮ ಉಸಿರು ಹಿಡಿದುಕೊಂಡಿದ್ದಳು. ತನ್ನ ಉಪವಾಸಕ್ಕೆ ದೇವರು ಕಿವಿಗೊಟ್ಟಿದ್ದಾನೆ ಎಂದುಕೊಂಡ.

ಒಂದು ಭಾನುವಾರ ಸಭೆಯಲ್ಲಿ ರಾಜಮ್ಮನನ್ನು ನಡುವೆ ಕುರ್ಚಿಯಲ್ಲಿ ಕೂರಿಸಿದರು. ದೇವರು ಪ್ರೀತಿಸುವ ಮಗಳು ಇಷ್ಟು ನರಳಬಾರದು, ಯಾವುದೋ ಬಚ್ಚಿಟ್ಟ ಪಾಪ ಅಡ್ಡ ನಿಂತಿದೆ, ಹೇಳಿಬಿಡಮ್ಮ ಎಂದು ಪ್ರಭಾಕರನ್ ಕೇಳಿದ. ಅವನ ದನಿಯಲ್ಲಿ ಕಠಿಣತೆ ಇರಲಿಲ್ಲ, ಕಣ್ಣಲ್ಲಿ ನೀರಿತ್ತು. ನೆನಪಿದ್ದದ್ದನ್ನೆಲ್ಲ ಆಗಲೇ ದೇವರಿಗೆ ಹೇಳಿದ್ದೇನೆ ಎಂದು ರಾಜಮ್ಮ ತಲೆ ತಗ್ಗಿಸಿದಳು.

ಮನೆಗೆ ಬಂದ ಮೇಲೆ ದೇವದಾಸನೂ ಅದನ್ನೇ ಕೇಳಿದ.

"ಏನಾದ್ರೂ ಮುಚ್ಚಿಟ್ಟಿದ್ದೀಯಾ ರಾಜಿ?"

ಅವಳು ಅವನನ್ನೇ ಬಹಳ ಹೊತ್ತು ನೋಡಿದಳು. "ಒಂದು ಮುಚ್ಚಿಟ್ಟಿದ್ದೀನಿ. ಹೇಳಿದ್ರೆ ನೀವು ತಡ್ಕೊಳ್ಳಲ್ಲ," ಎಂದು ಕಣ್ಣು ಮುಚ್ಚಿದಳು.

ಮರುದಿನ ಕೆಲಸದಲ್ಲಿ ಅವನ ಕೈ ಓಡಲಿಲ್ಲ. ಮಧ್ಯಾಹ್ನ ಅನುಮತಿ ಕೇಳಿ ಮನೆಗೆ ಬಂದ. ಬಾಗಿಲು ಅರೆ ತೆರೆದಿತ್ತು. ಸೆಲ್ಲಮ್ಮ ಮಂಚದ ಅಂಚಿನಲ್ಲಿ ಕೂತು, ರಾಜಮ್ಮನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

ಎಷ್ಟು ದಿನದಿಂದ ಇದು ಎಂದು ಕೇಳಿದ. ನೀವು ಬೇಡವೆಂದು ಕಳಿಸಿದ ದಿನದಿಂದಲೂ ಎಂದಳು ರಾಜಮ್ಮ.

"ಹಾಗಾದ್ರೆ ಇದೇ ಆ ಪಾಪ," ಎಂದ ದೇವದಾಸ್. "ನಾನು ಹೊಟ್ಟೆ ಒಣಗಿಸ್ಕೊಂಡು ಬೇಡ್ತಿದ್ದೆ. ನೀನು ವಿಗ್ರಹಕ್ಕೆ ಇಟ್ಟದ್ದನ್ನ ತಿಂತಿದ್ದೆ."

ಸೆಲ್ಲಮ್ಮ ಚಮಚ ಕೆಳಗಿಟ್ಟಳು. "ಸಾಮಿಗೆ ಇಟ್ಟದ್ದು ತರಲಿಲ್ಲ ತಂಬಿ. ನಿಮಗೆ ಆಗದು ಅಂತ ನನಗೆ ತೆರಿಯಾದಾ, ಗೊತ್ತಿಲ್ವಾ? ಎದ್ದ ಕೂಡ್ಲೆ ಇವಳ ಕಂಜಿ ತನಿಯಾಗಿ ಬೇರೆ ಪಾತ್ರೇಲಿ ಕಾಸಿ ಇಡ್ತೀನಿ. ಆಮೇಲೇ ಸಾಮಿ ಮುಂದೆ ವಿಳಕ್ಕು ಹಚ್ಚೋದು."

ದೇವರಿಗೆ ಇಟ್ಟದ್ದೇ ಎಂದು ಅವನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.

"ಹಸಿವಾಗ್ತಿತ್ತು. ದೇವರನ್ನ ಕೇಳ್ದೆ. ಅಕ್ಕ ಬಂದ್ರು," ಎಂದಳು ರಾಜಮ್ಮ. ಪ್ರತಿ ಮಾತಿಗೂ ಅವಳು ಉಸಿರು ಕೂಡಿಸಿಕೊಳ್ಳಬೇಕಾಗಿತ್ತು. "ಯಾರ ಕೈಲಿ ಕಳಿಸಿದ್ದು ಅಂತ ನಾನು ವಿಚಾರಿಸಲಿಲ್ಲ ರೀ."

ದೇವದಾಸನಿಗೆ ಸಿಟ್ಟೇ ಬಂತು. ಇನ್ನು ಮೇಲೆ ಈ ಹೊಸ್ತಿಲು ತುಳಿಯಬೇಡಿ ಎಂದುಬಿಟ್ಟ. ಸೆಲ್ಲಮ್ಮ ಸೆರಗಿನಿಂದ ರಾಜಮ್ಮನ ಬಾಯಿ ಒರೆಸಿ ಎದ್ದು ಹೋದಳು.

ಅವನು ರಜೆ ಹಾಕಿ ಮನೆಯಲ್ಲೇ ಕೂತ. ತಾನೇ ಗಂಜಿ ಮಾಡಿದ. ಒಮ್ಮೆ ತಳ ಹತ್ತಿತು, ಇನ್ನೊಮ್ಮೆ ಅನ್ನದಂತೆ ಗಟ್ಟಿಯಾಯಿತು. ರಾಜಮ್ಮ ಬೇಡವೆನ್ನದೆ ಬಾಯಿ ತೆರೆಯುತ್ತಿದ್ದಳು. ನುಂಗಿದ್ದು ನಿಲ್ಲದೆ ವಾಂತಿಯಾಗುತ್ತಿತ್ತು.

ಮೂರನೆಯ ದಿನ ಅವನು ಅವಳ ವಾಂತಿಯನ್ನು ಬಟ್ಟೆಯಿಂದ ಒರೆಸುತ್ತಾ ಕೂತಿದ್ದಾಗ ಕುಡಿತ ಬಿಟ್ಟ ದಿನಗಳು ನೆನಪಾದವು. ಆಗ ನಡುಗುತ್ತಾ ಕಾರಿಕೊಳ್ಳುತ್ತಿದ್ದವನ ತಲೆ ಹಿಡಿದು ಕೂತವನು ಪ್ರಭಾಕರನ್. ಅವತ್ತು ಯಾರೂ ಅವನ ಪಾಪದ ಲೆಕ್ಕ ಕೇಳಿರಲಿಲ್ಲ. ಮೊದಲು ಬಾಯಿ ತೊಳೆಸಿ ನೀರು ಕೊಟ್ಟಿದ್ದರು. ಕುಡುಕನಿಗೆ ಏನೂ ಕೇಳದೆ ಕೊಟ್ಟ ದೇವರು ಇವಳ ಹತ್ತಿರ ಮಾತ್ರ ಯಾಕೆ ಕೇಳಿಯಾನು? ಬಟ್ಟೆಯನ್ನು ಅಲ್ಲೇ ಬಿಟ್ಟು ದೇವದಾಸ್ ಪಕ್ಕದ ಮನೆಗೆ ಹೋದ.

"ಅಕ್ಕಾ, ಅವಳು ಏನೂ ತಿಂತಿಲ್ಲ," ಎಂದ. ಕ್ಷಮೆ ಕೇಳಬೇಕೆಂದುಕೊಂಡು ಹೋಗಿದ್ದ. ಬಾಯಿಗೆ ಬಂದದ್ದು ಅಷ್ಟೇ. ಸೆಲ್ಲಮ್ಮ ಕೈ ತೊಳೆದುಕೊಂಡು ಒಲೆ ಹಚ್ಚಿದಳು.

ರಾಜಮ್ಮ ಮೂರು ಚಮಚ ಕುಡಿದಳು. ನಾಲ್ಕನೆಯದಕ್ಕೆ ತುಟಿ ತೆರೆಯಲಿಲ್ಲ. ಎರಡು ದಿನ ಕಳೆದು, ಬೆಳಗಾಗುವ ಹೊತ್ತಿಗೆ ತೀರಿಕೊಂಡಳು.

ಮಣ್ಣು ಮಾಡುವ ಕಾರ್ಯವನ್ನೆಲ್ಲ ಪ್ರಭಾಕರನ್ ನೋಡಿಕೊಂಡ. ಪೆಟ್ಟಿಗೆಗೆ ಹೆಗಲು ಕೊಟ್ಟ, ಅತ್ತ, ಭಾನುವಾರ ಸಭೆಗೆ ಬಾ ಎಂದ. ಬರುತ್ತೇನೆ ಎಂದ ದೇವದಾಸ್. ಆಮೇಲೆ ತನ್ನ ಹರಕು ತಮಿಳಿನಲ್ಲಿ, ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ ಪಾಪ ಯಾವುದೆಂದು ಇನ್ನು ಯಾರನ್ನೂ ಕೇಳಬೇಡಿ ಬ್ರದರ್ ಎಂದು ಕೈ ಮುಗಿದ. ಒಳ್ಳೆಯದಾಗಲಿ ಎಂದೇ ಕೇಳಿದ್ದು ಎಂದ ಪ್ರಭಾಕರನ್. ಅದು ದೇವದಾಸನಿಗೂ ಗೊತ್ತಿತ್ತು.

ಮಾರನೆಯ ಮಧ್ಯಾಹ್ನದವರೆಗೆ ಅವನು ಬರಿದಾದ ಮಂಚದ ಪಕ್ಕದಲ್ಲಿ ಕೂತಿದ್ದ. ದೇವರು ತನ್ನನ್ನು ಪ್ರೀತಿಸುತ್ತಾನೋ ಇಲ್ಲವೋ ತಿಳಿಯಲಿಲ್ಲ. ಕೇಳಿದ; ಉತ್ತರ ಬರಲಿಲ್ಲ. ಆಮೇಲೆ ಎದ್ದು, ಯಾರೂ ಕರೆಯದಿದ್ದರೂ ಸೆಲ್ಲಮ್ಮನ ಮನೆಗೆ ಹೋಗಿ, ಅವಳ ಗಂಡ ರಾಮಲಿಂಗಂ ಊಟಕ್ಕೆ ಕೂತಿದ್ದ ಕಡೆ ತಾನೂ ಕೂತ. ಗೋಡೆಯ ಮೇಲೆ ಚೌಡೇಶ್ವರಿಯ ಪಟದ ಮುಂದೆ ದೀಪ ಉರಿಯುತ್ತಿತ್ತು. ಸೆಲ್ಲಮ್ಮ ಇನ್ನೊಂದು ತಟ್ಟೆ ಹಾಕಿ ಅನ್ನ, ಬೇಳೆಸಾರು ಬಡಿಸಿದಳು.

ಅವನು ತಲೆ ಬಾಗಿಸಿ ಕಣ್ಣು ಮುಚ್ಚಿದ. ದಿನವೂ ಊಟಕ್ಕೆ ಮುಂಚೆ ಹೇಳುತ್ತಿದ್ದ ಪ್ರಾರ್ಥನೆಯ ಒಂದು ಮಾತೂ ನೆನಪಿಗೆ ಬರಲಿಲ್ಲ. ಹಾಗೇ ಬಹಳ ಹೊತ್ತು ಕೂತಿದ್ದು ಕಣ್ಣು ತೆರೆದಾಗ, ರಾಮಲಿಂಗಂ ಅನ್ನ ಮುಟ್ಟದೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ಸೆಲ್ಲಮ್ಮ ಸೌಟು ಹಿಡಿದು ಅಲುಗಾಡದೆ ನಿಂತಿದ್ದಳು.

"ಆಯ್ತಾ ತಂಬಿ?" ಎಂದು ರಾಮಲಿಂಗಂ ಮೆಲ್ಲನೆ ಕೇಳಿದ.

"ಆಯ್ತಣ್ಣ," ಎಂದು ದೇವದಾಸ್ ಅನ್ನಕ್ಕೆ ಕೈ ಹಾಕಿದ.