ಕೊಂಡಪ್ಪನ ಗೋಡೆ ಎದ್ದ ಬಗೆ

ನಮ್ಮ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮನೆ ಬೇರೆ, ಕಸುಬು ಬೇರೆ ಎಂಬುದಿಲ್ಲ. ಮಲಗುವುದೂ ಅಲ್ಲೇ, ನೇಯುವುದೂ ಅಲ್ಲೇ. ಸೂರು ಸೋರಿದರೆ ಮಗ್ಗದ ಮೇಲಿನ ನೂಲು ನೆನೆಯುತ್ತದೆ, ನೂಲು ನೆನೆದರೆ ಒಲೆ ತಣ್ಣಗಾಗುತ್ತದೆ. ಆದರೂ ಸೂರಿಗಾಗಿ ಸಾಲ ತೆಗೆಯೋಣ ಎಂದರೆ ನಮ್ಮವರ ಮುಖ ಬೇವಿನ ಸೊಪ್ಪು ಅಗಿದಂತಾಗುತ್ತದೆ. ಮದುವೆಗೆ ಸಾಲ ಮಾಡುವಾಗ ಮಾತ್ರ ಆ ಕಹಿ ಎಲ್ಲಿ ಹೋಗುತ್ತದೋ, ನಾನು ಕಾಣೆ!

ನಮ್ಮ ಬೀದಿಯ ಕೊಂಡಪ್ಪನ ಕಥೆ ಕೇಳಿ. ಅವನ ಮನೆ ಕೆರೆ ಏರಿಯ ಕೆಳಗೆ. ಒಳ್ಳೆಯ ಕೈಯ ನೇಕಾರ. ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷವಾಗಿತ್ತು. ಶ್ರಾವಣದಲ್ಲಿ ಬೆಂಗಳೂರು ಚಿಕ್ಕಪೇಟೆಯ ವ್ಯಾಪಾರಿಯೊಬ್ಬರು ಅವನಿಗೆ, "ಹೂಬಳ್ಳಿ ಅಂಚಿನ ಸೀರೆ ನೇಯ್ದು ಕೊಡಪ್ಪ. ಸಂಕ್ರಾಂತಿಯೊಳಗೆ ಮೊದಲ್ನೇ ಸೀರೆ ಬಂದ್ರೆ ವರ್ಷವೆಲ್ಲಾ ಕೆಲಸ ನಿಂದೇ" ಎಂದರು. ಅಂಥ ಅಂಚಿಗೆ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಪೆಟ್ಟಿಗೆ ಕೂರಿಸಬೇಕು. ಹೂವಿಗೆ ಬೇಕಾದ ಎಳೆಗಳನ್ನು ಅದೇ ಎತ್ತಿಕೊಡುತ್ತದೆ. ಹೆಂಡತಿ ಆದಿಲಕ್ಷ್ಮಮ್ಮ ಮರುಮಾತಿಲ್ಲದೆ ಕತ್ತಿನ ಚಿನ್ನದ ಅಡ್ಡಿಕೆ ಬಿಚ್ಚಿ ಕೊಟ್ಟಳು. ಅದನ್ನು ಮಾರಿ ಕೊಂಡಪ್ಪ ಪೆಟ್ಟಿಗೆ ತಂದ.

ತಂದದ್ದೇನೋ ಸರಿ. ಕೂರಿಸಲು ಹೋದರೆ ತಲೆಯ ಮೇಲಿನ ತೊಲೆ ಅಡ್ಡ! ನೇಕಾರನಿಗೆ ಹುಟ್ಟಿದಾಗಿನಿಂದ ಉದ್ದ ಗೊತ್ತು, ಅಗಲ ಗೊತ್ತು. ಪೆಟ್ಟಿಗೆ ಕೊಳ್ಳುವ ಮುಂಚೆಯೂ ಕೊಂಡಪ್ಪ ಅವೆರಡನ್ನೇ ಮೊಳ ಹಾಕಿ ಅಳೆದಿದ್ದ. ಎತ್ತರ ಅಳೆಯಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವನ ತಾತ ಕಟ್ಟಿದ ಆ ಹುಲ್ಲಿನ ಮನೆಗೆ ಇನ್ನೂ ಎರಡು ಮೊಳ ಗೋಡೆ ಏಳಬೇಕಿತ್ತು.

ಗೋಡೆಗೆ ದುಡ್ಡೆಲ್ಲಿ? ಅವನ ತಾಯಿ ಅಮ್ಮಯಮ್ಮ ಒಂದೇ ಮಾತು ಹೇಳಿದಳು. "ಸಾಲ ಗೀಲ ಬ್ಯಾಡ ಕಣೋ. ಸೂರು ಎತ್ತಕ್ಕಾಗದಿದ್ರೆ ನೆಲ ಅಗಿ. ಮಣ್ಣಿಗೆ ಯಾರೂ ಕಾಸು ಕೇಳಲ್ಲ."

ಅಮ್ಮನ ಮಾತು ಮಗನಿಗೆ ಹಿಡಿಸಿತು. ಮಗ್ಗದ ಸುತ್ತ ನೆಲವನ್ನು ಎರಡು ಮೊಳ ತೋಡಿ, ಮಗ್ಗವನ್ನೇ ಕೆಳಗಿಳಿಸಿ, ಪೆಟ್ಟಿಗೆ ಕೂರಿಸಿದ. ಎಂಟು ದಿನ ಬೀದಿಯವರೆಲ್ಲ ಬಂದು ನೋಡಿ, ಭಲೇ ಬುದ್ಧಿವಂತ ಎಂದು ಹೊಗಳಿದ್ದೇ ಹೊಗಳಿದ್ದು. ಸುಳ್ಳೇಕೆ, ನಾನೂ ಹೊಗಳಿದೆ.

ಆಶ್ವಯುಜದ ಮಳೆಗೆ ಕೆರೆ ತುಂಬಿತು. ಏರಿಯ ಕೆಳಗಿನ ನೆಲದಲ್ಲಿ ಒರತೆ ಎದ್ದಿತು. ಒಂದು ಬೆಳಿಗ್ಗೆ ಕೊಂಡಪ್ಪ ಮಗ್ಗಕ್ಕೆ ಇಳಿಯಲು ಕಾಲಿಟ್ಟರೆ ಮೊಣಕಾಲುದ್ದ ನೀರು. ಮಗ್ಗಕ್ಕೆ ಉದ್ದಕ್ಕೆ ಬಿಗಿದಿದ್ದ ರೇಷ್ಮೆ ನೂಲಿನ ಹಾಸು ನೆನೆದು ಕೆಸರು ಬಣ್ಣಕ್ಕೆ ತಿರುಗಿತ್ತು. ಮಣ್ಣಿನ ಗೋಡೆಯ ಬುಡ ಹಿಟ್ಟಿನ ಹಾಗೆ ಉದುರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ಪೆಟ್ಟಿಗೆಯನ್ನು ಬಿಚ್ಚಿ ಮೇಲೆತ್ತಿ, ಗೋಣಿ ಹೊದಿಸಿ ಮೂಲೆಯಲ್ಲಿಟ್ಟರು.

ಆದಿಲಕ್ಷ್ಮಮ್ಮ ಅಳಲಿಲ್ಲ. "ನನ್ನ ಅಡ್ಡಿಕೆ ಗೋಣಿ ಹೊದ್ಕೊಂಡು ಮಲಗೈತೆ ನೋಡಿ" ಎಂದಳು, ಅಷ್ಟೇ. ಅದಕ್ಕಿಂತ ಅತ್ತಿದ್ದರೇ ಮೇಲಾಗಿತ್ತು.

ಸುದ್ದಿ ತಿಳಿದು ಅಬ್ದುಲ್ ಖಾದರ್ ಬಂದ. ಅವನು ರೇಷ್ಮೆಗೆ ಬಣ್ಣ ಹಾಕುವವನು. ಮೊಣಕೈವರೆಗೆ ಯಾವಾಗಲೂ ಕೆಂಪೋ ನೀಲಿಯೋ ಇರುತ್ತದೆ. ಕೊಂಡಪ್ಪನಿಗೆ ಚಿಕ್ಕಂದಿನ ಗೆಳೆಯ. ನೀರನ್ನು ನೋಡಿದ, ಗೋಡೆಯನ್ನು ತಟ್ಟಿ ನೋಡಿದ.

"ಅರೆ ಕೊಂಡಪ್ಪ, ಮಗ್ಗ ಹಾಕಿದ್ಯೋ, ಬಾವಿ ತೋಡಿದ್ಯೋ?"

"ನಗಬೇಡ ಕಣೋ ಖಾದರ್. ಸಂಕ್ರಾಂತಿಗೆ ಇನ್ನು ಮೂರೇ ತಿಂಗ್ಳು. ಚಿಕ್ಕಪೇಟೆ ಕೆಲಸ ಹೋಯ್ತು ಅಂದ್ಕೋ."

"ಹೋಗಲ್ಲ. ನಾಳೆ ನಮ್ಮ ಸಹಕಾರ ಸಂಘಕ್ಕೆ ಬಾ. ಮನೆಗೂ ಕೊಡ್ತಾರೆ, ಕಸುಬಿಗೂ ಕೊಡ್ತಾರೆ. ನನ್ನ ಬಣ್ಣದ ಹಂಡೆ, ಅದರ ಮೇಲಿನ ಹೆಂಚು, ಎಲ್ಲಾ ಅಲ್ಲಿಂದ ಬಂದಿದ್ದೇ."

ಅಮ್ಮಯಮ್ಮ ಒಳಗಿನಿಂದಲೇ ಗದರಿದಳು. "ಸರ್ಕಾರದ ದುಡ್ಡು ತಂದು ಮನೆ ಹರಾಜಿಗೆ ಹಾಕ್ಸಬೇಡಿ!"

"ಸರ್ಕಾರದ್ದಲ್ಲ ಅಮ್ಮಾ. ನಮ್ಮ ನಮ್ಮದೇ. ಊರವರು ವಾರಕ್ಕೆ ನಾಲ್ಕಾಣೆ, ಎಂಟಾಣೆ ಅಂತ ಕೂಡಿ ಹಾಕ್ತಾರೆ. ಯಾರಿಗೆ ಬೇಕೋ ಅವರು ತಗೋತಾರೆ, ತಿಂಗಳು ತಿಂಗಳು ತೀರಿಸ್ತಾರೆ. ಬಡ್ಡಿ ಕಮ್ಮಿ. ಕಟ್ಟಿದ್ದಕ್ಕೆಲ್ಲಾ ರಸೀದಿ."

"ಸಾಹುಕಾರ್ರು ಕೇಳಿದ ತಕ್ಷಣ ಕೊಡ್ತಾರಪ್ಪ. ರಸೀದಿ ಗಿಸೀದಿ ರಗಳೆ ಇಲ್ಲ" ಎಂದ ಕೊಂಡಪ್ಪ.

"ಕೊಡ್ತಾರೆ. ಆಮೇಲೆ ನೇಯ್ದ ಸೀರೆನೆಲ್ಲಾ ಅವರಿಗೇ, ಅವರು ಹೇಳಿದ ರೇಟಿಗೇ ಹಾಕ್ಬೇಕು. ಹೋದ್ವರ್ಷ ನಮ್ಮ ಬೀದಿ ಅಪ್ಪಯ್ಯಣ್ಣ ಹಾಕಲಿಲ್ವಾ? ಸಂಘ ನಿನ್ನ ಸೀರೆ ಕೇಳಲ್ಲ. ಇಬ್ಬರು ಮೆಂಬರು ಜಾಮೀನು ಕೇಳ್ತದೆ. ಒಬ್ಬ ನಾನು."

ಕೊಂಡಪ್ಪ ತಲೆ ತಗ್ಗಿಸಿದ. "ನಾನು ಕಟ್ಟದೇ ಹೋದ್ರೆ?"

"ಆಗ ನನ್ನ ಹಿಡೀತಾರೆ. ಅದಕ್ಕೇ ಇನ್ಮೇಲೆ ನಿನ್ನ ಮಗ್ಗದ ಸದ್ದು ದಿನಾ ಕಿವಿಗೊಟ್ಟು ಕೇಳ್ತೀನಿ. ನಿಂತ್ರೆ ಓಡಿ ಬರ್ತೀನಿ!"

ಇಬ್ಬರೂ ನಕ್ಕರು. ಆ ನಗುವಿನಲ್ಲೇ ಕೊಂಡಪ್ಪನ ಭಯ ಅರ್ಧ ಕರಗಿತು. ಇನ್ನೊಂದು ಜಾಮೀನಿಗೆ, ಅಷ್ಟರಲ್ಲಿ ಸಂಘದ ಮೆಂಬರಾಗಿದ್ದ ಅಪ್ಪಯ್ಯಣ್ಣನೇ ತಾನಾಗಿ ಬಂದ. ಸುಟ್ಟುಕೊಂಡವನಿಗಲ್ಲವೇ ಬಿಸಿ ಗೊತ್ತು!

ಸಂಘದ ಕಾರ್ಯದರ್ಶಿ ವೆಂಕಟರಾಯಪ್ಪನವರು ಹಿಂದೆ ಸ್ಕೂಲ್ ಮೇಷ್ಟ್ರಾಗಿದ್ದವರು. ಅವರೇ ಒಂದು ಬಿದಿರು ಗಳ ಹಿಡಿದು ಮನೆಗೆ ಬಂದು, ಮೊದಲು ಎತ್ತರ ಅಳೆದರು. ಕೊಂಡಪ್ಪನ ಕಿವಿ ಕೆಂಪಾಯಿತು. ಗೋಡೆ, ಹೆಂಚು, ಹಾಳಾದ ಹಾಸಿನ ಬದಲು ಹೊಸ ರೇಷ್ಮೆ, ಇಷ್ಟಕ್ಕೂ ಅವರು ಒಪ್ಪಿದರು. ಧೈರ್ಯ ಬಂದ ಕೊಂಡಪ್ಪ ಮೆಲ್ಲಗೆ, "ಹಂಗೇ ಗೃಹಪ್ರವೇಶಕ್ಕೆ ಒಂದಿಷ್ಟು ಸ್ವಾಮಿ, ನೆಂಟರು ಬರ್ತಾರೆ" ಎಂದ.

"ನೆಂಟರು ಊಟ ಮಾಡಿ ಹೋಗ್ತಾರೆ. ಕಂತು ನೀನು ಕಟ್ಬೇಕು. ದುಡಿಮೆ ತರೋದಕ್ಕೆ ಮಾತ್ರ ಸಾಲ ಕಣಯ್ಯ" ಎಂದು ಅವರು ಅದನ್ನು ಹೊಡೆದುಹಾಕಿದರು. ಆಗ ಅಮ್ಮಯಮ್ಮ ಮೊದಲ ಸಲ ಬಾಗಿಲಿಗೆ ಬಂದು, "ಈ ಸ್ವಾಮಿ ಹೇಳೋದು ಸರಿಯಾಗೈತೆ" ಎಂದಳು!

ಕೊಂಡಪ್ಪ ಷೇರು ಕಟ್ಟಿ ಮೆಂಬರಾದ. ತೋಡಿದ ನೆಲವನ್ನು ಮುಚ್ಚಿದರು. ಗೋಡೆಯ ಬುಡಕ್ಕೆ ಕಲ್ಲು ಕೊಟ್ಟು ಎರಡು ಮೊಳ ಎತ್ತರಿಸಿದರು. ಹೆಂಚು ಹೊದಿಸಿದರು. ಮಾರ್ಗಶಿರದಲ್ಲಿ ಪೆಟ್ಟಿಗೆ ಮಗ್ಗದ ಮೇಲೆ ಕೂತಿತು. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಮೊದಲ ಸೀರೆ ಇಳಿಯಿತು. ಅಂಚಿನ ತುಂಬ ಹೂಬಳ್ಳಿ. ಆದಿಲಕ್ಷ್ಮಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ಆಗ ಅತ್ತಳು. ಚಿಕ್ಕಪೇಟೆಯವರು ಮಾತು ಉಳಿಸಿಕೊಂಡರು.

ಕೊಂಡಪ್ಪನಿಗೆ ಸಂತೋಷ ತಡೆಯಲಿಲ್ಲ. ಒಂದು ತಟ್ಟೆಯಲ್ಲಿ ಎಳ್ಳು ಬೆಲ್ಲ ಇಟ್ಟುಕೊಂಡು ಖಾದರನ ಕಾರ್ಖಾನೆಗೆ ಹೋದ.

"ನೀನು ನನ್ನ ಮನೆ ನಿಲ್ಲಿಸ್ದೆ ಕಣೋ. ಈ ಋಣ ಹೆಂಗೆ ತೀರಿಸ್ಲಿ?"

ಖಾದರ್ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು, "ನಾನು ಬರೀ ರುಜು ಹಾಕಿದ್ದು. ದುಡ್ಡು ನಂದಲ್ಲ. ದೇವಸ್ಥಾನದ ಹತ್ರ ಹೂ ಮಾರ್ತಾರಲ್ಲ ಪಿಳ್ಳಮ್ಮ, ಅವರಂಥವರದ್ದು. ಹತ್ತು ವರ್ಷದಿಂದ ಒಂದು ವಾರ ತಪ್ಪಿಸ್ದೆ ಕಟ್ತಾ ಬಂದವ್ರೆ" ಎಂದ.

ಕೊಂಡಪ್ಪ ಅಲ್ಲಿಂದ ನೆಟ್ಟಗೆ ಪಿಳ್ಳಮ್ಮನ ಬಳಿಗೆ ಹೋದ. ಎಷ್ಟೋ ವರ್ಷದಿಂದ ಅವಳ ಮುಂದೆಯೇ ಓಡಾಡಿದವನು, ಒಂದು ದಿನವೂ ನಿಂತು ಮಾತಾಡಿಸಿದವನಲ್ಲ. ತಟ್ಟೆ ಮುಂದಿಟ್ಟು ಕೈ ಮುಗಿದ.

"ನಿಮ್ಮ ದುಡ್ಡಲ್ಲಿ ನನ್ನ ಗೋಡೆ ಎದ್ದೈತಮ್ಮ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಪಿಳ್ಳಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೌದಾ? ಗೋಡೆ ಗಟ್ಟಿಯಾಗೈತಾ?"

"ಗಟ್ಟಿಯಾಗೈತಮ್ಮ."

"ಹಂಗಾದ್ರೆ ಕಂತು ತಪ್ಪಿಸ್ಬೇಡ ಕಣಪ್ಪ. ಆ ಗೋಡೆಯೊಳಗೆ ನನ್ನ ಮೊಮ್ಮಗಳ ಮದುವೆ ಐತೆ."

ಕೊಂಡಪ್ಪನ ಕಣ್ಣು ತುಂಬಿತು. ಇವತ್ತಿನವರೆಗೂ ಅವನು ಒಂದು ಕಂತನ್ನೂ ತಪ್ಪಿಸಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಓದಿಸಿ ಕೇಳುತ್ತಿರುವ ತಾಯಂದಿರೇ, ನಿಮ್ಮೂರಲ್ಲೂ ಸಹಕಾರ ಸಂಘವಿದೆಯೇ ವಿಚಾರಿಸಿ. ಇದ್ದರೆ ಈ ವಾರವೇ ಹೋಗಿ ಮೆಂಬರಾಗಿ, ಕೈಲಾದಷ್ಟು ಕಟ್ಟಿ, ರಸೀದಿ ಕೇಳಿ ಪಡೆಯಿರಿ. ಮನೆಗೋ ಕಸುಬಿಗೋ ಬೇಕಾದಾಗ ನಾಚದೆ ಸಾಲ ಕೇಳಿ, ತೀರಿಸುವಷ್ಟೇ ಕೇಳಿ. ಸಂಘ ಇಲ್ಲದಿದ್ದರೆ ನಂಬಿಕೆಯ ಹತ್ತು ಮಂದಿ ಸೇರಿ ಒಂದನ್ನು ಕಟ್ಟುವ ಮಾತೆತ್ತಿ. ಕಂತು ಕಟ್ಟುವ ದಿನ ಬಂದಾಗ, ನಿಮ್ಮೂರಿನ ಪಿಳ್ಳಮ್ಮ ಯಾರೆಂದು ಒಮ್ಮೆ ನೆನೆದುಕೊಂಡು ಹೊರಡಿ.