ನಿಂತಲ್ಲೇ ಓಡಿದ ಬೈಕು

ನಮ್ಮನೆಯ ಬೈಕು ದಿನಾ ಸಂಜೆ ಎಲ್ಲಿಗೂ ಹೋಗದೆ ಓಡುತ್ತಿತ್ತು.

ಅಪ್ಪ ಕೆಲಸದಿಂದ ಬಂದು, ಕೈಕಾಲು ತೊಳೆದು, ಟೀ ಕುಡಿದ ಲೋಟ ಕೆಳಗಿಟ್ಟವರೇ ಶೆಡ್ಡಿಗೆ ನಡೆಯುತ್ತಿದ್ದರು. ಶೆಡ್ಡು ಅನ್ನೋದು ದೊಡ್ಡ ಮಾತಾಯಿತು. ಮನೆಯ ಗೋಡೆಗೆ ಅಂಟಿಕೊಂಡ, ಒಂದು ಬೈಕು, ಒಂದು ಸ್ಟೂಲು, ನಾಲ್ಕು ಒಣಗಿದ ಪೇಂಟ್ ಡಬ್ಬ ಹಿಡಿಸುವಷ್ಟು ಗೂಡು. ಎದುರು ಮನೆಯಲ್ಲಿ ಹಸುಗೂಸಿತ್ತು, ಹಾಗಾಗಿ ಸದ್ದು ಹೊರಗೆ ಹೋಗದಿರಲಿ ಎಂದು ಶಟರನ್ನು ಮೊಣಕಾಲಿನ ಮಟ್ಟಕ್ಕೆ ಎಳೆಯುತ್ತಿದ್ದರು. ಹೊಗೆ ಒಳಗೆ ನಿಲ್ಲಬಾರದೆಂದು ಸೈಲೆನ್ಸರಿಗೆ ಉದ್ದನೆಯ ಪೈಪು ಸಿಕ್ಕಿಸಿ ಅದರ ಬಾಯನ್ನು ಬೀದಿಗೆ ಬಿಡುತ್ತಿದ್ದರು. ಬೀದಿನಾಯಿಯೊಂದು ದಿನಾ ಬಂದು ಆ ಪೈಪಿನ ಮುಂದೆ ಕೂತು, ಒಳಗೆ ಯಾರಿದ್ದಾರೆ ಎಂಬಂತೆ ತಲೆ ವಾಲಿಸಿ ನೋಡುತ್ತಿತ್ತು.

ಆಮೇಲೆ ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಕಿಕ್ ಹೊಡೆದು, ಅಪ್ಪ ಸ್ಟೂಲಿನ ಮೇಲೆ ಕೂರುತ್ತಿದ್ದರು. ಇಂಜಿನ್ ಎಣ್ಣೆಯ ಮುಚ್ಚಳದ ಜಾಗದಲ್ಲಿ ಅವರು ಹಾಕಿಸಿದ್ದ ಒಂದು ಪುಟ್ಟ ಮೀಟರ್ ಇತ್ತು. ಎಣ್ಣೆ ಎಷ್ಟು ಬಿಸಿಯಾಗಿದೆ ಎಂದು ಅದರ ಮುಳ್ಳು ತೋರಿಸಬೇಕು. ನಾನು ಪಕ್ಕದಲ್ಲಿ ನಿಂತು ಅದರ ಮೇಲೆ ಟಾರ್ಚು ಬಿಡಬೇಕು.

ಮುಳ್ಳು ಮೊದಮೊದಲು ಭಾನುವಾರದ ಬೆಳಗಿನ ನನ್ನ ಹಾಗೆ ಬಿದ್ದುಕೊಂಡಿರುತ್ತಿತ್ತು. ಆಮೇಲೆ ಮೆಲ್ಲಗೆ ಎದ್ದು, ಹಸಿರು ದಾಟಿ, ಹಳದಿ ದಾಟಿ, ಕೆಂಪು ಗೆರೆಗೆ ಮೂಗು ತಾಗಿಸುತ್ತಿತ್ತು. ಅಷ್ಟರಲ್ಲಿ ಶೆಡ್ಡು ಕಾದು, ನನ್ನ ಬೆನ್ನಲ್ಲಿ ಬೆವರು ಇಳಿದು, ಕಣ್ಣು ಉರಿಯುತ್ತಿರುತ್ತಿತ್ತು. ಅಪ್ಪ ಕೀ ತಿರುಗಿಸಿ ಇಂಜಿನ್ ಆರಿಸುತ್ತಿದ್ದರು.

"ನೋಡಿದ್ಯಾ?"

"ನೋಡ್ದೆ."

"ಇದನ್ನ ತಗೊಂಡು ಬೆಟ್ಟ ಹತ್ತುತೀನಿ ಅಂತೀಯಲ್ಲ, ಪುಟ್ಟಿ."

ಬೆಟ್ಟದಾಚೆ ಜಲಾಶಯವಿದೆ. ಅದರ ದಡದಲ್ಲಿ ಮೀನುಮರಿ ಸಾಕುವ ಕೇಂದ್ರ. ನನ್ನ ಕೊನೆಯ ವರ್ಷದ ಓದಿಗೆ ಬೇಕಾದ ತರಬೇತಿ ನನಗೆ ಅಲ್ಲಿ ಸಿಕ್ಕಿತ್ತು. ಉಳಿಯಲು ರೂಮು ಅವರೇ ಕೊಡುತ್ತಾರೆ, ಆದರೆ ಬಸ್ಸು ಬೆಟ್ಟದ ಬುಡದಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮೇಲಕ್ಕೂ, ಆಮೇಲೆ ಒಂದು ಕೊಳದಿಂದ ಇನ್ನೊಂದಕ್ಕೂ ಓಡಾಡಲು ಸ್ವಂತ ಗಾಡಿ ಬೇಕು. ಸೋಮವಾರ ಹೋಗಿ ಸೇರಿಕೊಳ್ಳದಿದ್ದರೆ ಜಾಗ ಬೇರೆಯವರ ಪಾಲು.

ಅಪ್ಪನ ಜೇಬಿನಲ್ಲಿ ಇನ್ನೊಂದು ಏರ್ಪಾಡು ರೆಡಿ ಇತ್ತು. ಅವರು ಬಟ್ಟೆಗೆ ಬಣ್ಣ ಹಾಕುವ ಗಿರಣಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಅದೇ ಗಿರಣಿಯಲ್ಲಿ ಕೊಳೆನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿದೆ. ಬಾಯ್ಲರ್ ರೂಮಿನ ಗೋಡೆಗೇ ಅಂಟಿಕೊಂಡ, ಕಿಟಕಿಯಿಲ್ಲದ ಕೋಣೆ. ನನ್ನನ್ನು ಅಲ್ಲಿ ತರಬೇತಿಗೆ ಸೇರಿಸಿಕೊಳ್ಳಲು ಆಗಲೇ ಮಾತಾಡಿ ಮುಗಿಸಿದ್ದರು.

"ಅಲ್ಲೂ ನೀರು, ಇಲ್ಲೂ ನೀರು. ಏನು ವ್ಯತ್ಯಾಸ?"

"ಅಲ್ಲಿ ಮೀನಿರುತ್ತಪ್ಪ. ನಿಮ್ಮ ನೀರಿಗೆ ಮೀನು ಬಿಟ್ರೆ ಬಣ್ಣಬಣ್ಣವಾಗಿ ಸಾಯುತ್ತೆ ಅಷ್ಟೇ."

"ಹಲ್ಲು ಕಿರಿಯೋದು ಸಾಕು. ಮುಳ್ಳು ಹಸಿರಲ್ಲಿ ನಿಲ್ಲಲಿ, ನಾನೇ ನಿನ್ನ ಬ್ಯಾಗು ಕಟ್ಟಿ ಕಳಿಸ್ತೀನಿ."

ಅವರು ಬೇಡ ಅಂದಿದ್ದರೆ ಜಗಳ ಮಾಡಬಹುದಿತ್ತು. ಅಪ್ಪ ಯಾವತ್ತೂ ಬೇಡ ಅನ್ನಲಿಲ್ಲ. ಬೇಡ ಅನ್ನುವ ಕೆಲಸವನ್ನು ಮುಳ್ಳಿಗೆ ವಹಿಸಿದ್ದರು. ಮುಳ್ಳಿನ ಹತ್ತಿರ ಏನಂತ ಜಗಳ ಮಾಡೋದು?

ಬೈಕು ಕೊಟ್ಟವನು ಮಾವ, ಅಮ್ಮನ ತಮ್ಮ. ಅದು ನನಗಿಂತ ಹಿರಿಯ ಬೈಕು. ನೀರಿನ ರೇಡಿಯೇಟರ್ ಗೀಡಿಯೇಟರ್ ಏನೂ ಇಲ್ಲ. ಇಂಜಿನ್ ಸುತ್ತ ಪದರ ಪದರವಾಗಿ ಅಲ್ಯೂಮಿನಿಯಂ ಅಂಚುಗಳಿವೆ, ಅವಕ್ಕೆ ಗಾಳಿ ಬಡಿದು ತಣ್ಣಗಾಗಬೇಕು, ಅಷ್ಟೇ. ಮುಳ್ಳಿನ ಕಾಟ ತಡೆಯಲಾರದೆ ಅಪ್ಪ ಕೊನೆಗೊಂದು ತೀರ್ಮಾನಕ್ಕೆ ಬಂದಿದ್ದರು. ಆಯಿಲ್ ಕೂಲರ್ ಹಾಕಬೇಕು. ಎಣ್ಣೆಯನ್ನು ಪೈಪಿನಲ್ಲಿ ಹೊರಗೆ ತಂದು, ಅಂಗೈಯಗಲದ ಜಾಲರಿಯೊಳಗೆ ಸುತ್ತಿಸಿ, ತಣ್ಣಗೆ ಮಾಡಿ ವಾಪಸ್ ಕಳಿಸುವ ಸಾಧನ. ಗುಜರಿಯಲ್ಲಿ ಒಂದು ಸಿಕ್ಕಿಯೂ ಬಿಟ್ಟಿತು. ಶನಿವಾರ ಅದನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಭಾವ ಬಾಮೈದ ಇಬ್ಬರೂ ಶುರು ಹಚ್ಚಿಕೊಂಡರು.

"ಭಾವ, ಇದನ್ನ ಮಾಡಿದವ್ರಿಗೆ ಬೇಕು ಅನ್ನಿಸಿದ್ರೆ ಅವ್ರೇ ಹಾಕ್ತಿರ್ಲಿಲ್ವಾ?"

"ಅವ್ರು ಮಾಡಿದಾಗ ಹೊಸದಾಗಿತ್ತು ಕಣಯ್ಯಾ. ಈಗ ಮುದಿಯಾಗಿದೆ. ಮುದುಕರಿಗೆ ಜ್ವರ ಬೇಗ ಬರುತ್ತೆ."

"ಈಗಿರೋದು ಒಂದು ಕಡೆ ಸೋರಿಕೆ. ಇದನ್ನ ಹಾಕಿದ್ರೆ ಹೊಸ ಪೈಪು, ಹೊಸ ಜಾಯಿಂಟು, ಸೋರೋಕೆ ಇನ್ನೂ ನಾಲ್ಕು ಜಾಗ. ಮೇಲೆ ಬೆಟ್ಟದ ಚಳಿಗೆ ಎಣ್ಣೆ ಜೇನುತುಪ್ಪ ಆಗುತ್ತೆ, ನೋಡ್ತಿರಿ. ಒಂದ್ಸಲ ಹೊರಗೆ ಓಡಿಸಿ ಮುಳ್ಳು ನೋಡಿ ಭಾವ, ನನ್ನ ಮಾತು ಕೇಳಿ."

"ನಿಂತಲ್ಲೇ ಕೆಂಪಿಗೆ ಹೋಗುತ್ತೆ. ಇನ್ನು ಭಾರ ಹೊತ್ತು ಓಡಿದ್ರೆ ಏನಾಗ್ಬೇಡ? ಕೆಲಸ ಜಾಸ್ತಿ ಆದ್ರೆ ಬಿಸಿ ಜಾಸ್ತಿ. ಇಷ್ಟು ವರ್ಷ ಬಾಯ್ಲರ್ ನೋಡಿದೀನಿ, ನಂಗೆ ಗೊತ್ತಿಲ್ವಾ?"

ಮಾವ ಬಾಯಿ ತೆರೆದ. ಆದರೆ ಆ ಬೈಕನ್ನು ಊರೆಲ್ಲ ನೋಡುವಂತೆ ತಳ್ಳಿಕೊಂಡು ಬಂದ ಚರಿತ್ರೆ ಅವನದು. ಪ್ರತಿ ಸಲ ಪೆಟ್ರೋಲ್ ಹಾಕಿಸೋದು ಮರೆತು ಆಗಿದ್ದು, ಇಂಜಿನ್ ತಪ್ಪೇನಲ್ಲ, ಆದರೂ ತಳ್ಳಿದವನು ತಳ್ಳಿದವನೇ. ಅಪ್ಪ ಅವನನ್ನು ಒಮ್ಮೆ ನೋಡಿದರು. ಮಾವ ಬಾಯಿ ಮುಚ್ಚಿದ.

"ನೀನೇನಂತೀಯಾ ಮೀನಮ್ಮ?" ಅಂದ ನನ್ನ ಕಡೆ ತಿರುಗಿ.

"ಯಾವುದು ಬೇಗ ಆಗುತ್ತೋ ಅದು."

"ಊಟಕ್ಕೆ ಮೇಜು ಬಿಡ್ತೀರೋ, ಇಲ್ಲ ಎಲ್ಲರಿಗೂ ಎಣ್ಣೆನೇ ಬಡಿಸ್ಲೋ?" ಅಂತ ಅಮ್ಮ ಒಳಗಿಂದ ಕೂಗಿದಳು.

ಬಡಿಸಿದ್ದನ್ನು ನುಂಗಿ, ಟ್ಯಾಂಕಿನ ಕೆಳಗೆ, ಮುಂದಿನ ಚಕ್ರದ ಹಿಂದೆ ಕೂಲರನ್ನು ಕೂರಿಸಿದೆವು. ಮಾವ ಬೈದುಕೊಂಡೇ ಪೈಪು ಬಿಗಿದ, ಅಂಗಿಯ ತುಂಬ ಎಣ್ಣೆ ಮಾಡಿಕೊಂಡ, "ನಾನು ಹೇಳಿದ್ದೆ ಅಂತ ಆಮೇಲೆ ಹೇಳೋಕಾದ್ರೂ ಒಂದು ಅವಕಾಶ ಸಿಕ್ತು" ಅಂದುಕೊಂಡು ಮನೆಗೆ ಹೋದ.

ಭಾನುವಾರ ಸಂಜೆ ಪರೀಕ್ಷೆ. ಶಟರ್ ಕೆಳಗೆ, ಪೈಪು ಬೀದಿಗೆ, ನಾಯಿ ಪೈಪಿನ ಮುಂದೆ, ಅಪ್ಪ ಸ್ಟೂಲಿನ ಮೇಲೆ, ನಾನು ಟಾರ್ಚಿನ ಹಿಂದೆ. ಒಳಗೆ ನನ್ನ ಬ್ಯಾಗು ಅರ್ಧ ತುಂಬಿ ಬಾಯಿ ತೆರೆದುಕೊಂಡು ಕೂತಿತ್ತು.

ಮುಳ್ಳು ಎದ್ದಿತು. ಮೊದಲಿಗಿಂತ ನಿಧಾನ, ನಿಜ. ಹಸಿರಿನಲ್ಲಿ ತುಂಬ ಹೊತ್ತು ಓಲಾಡಿತು. ಆಮೇಲೆ ಹಳದಿ. ಆಮೇಲೆ, ಏನೂ ನಾಚಿಕೆಯಿಲ್ಲದೆ, ಕೆಂಪು.

ಅಪ್ಪ ಕೀ ತಿರುಗಿಸಿದರು. ಸದ್ದು ನಿಂತ ಆ ಗಳಿಗೆಯಲ್ಲಿ ನನ್ನ ಟಾರ್ಚಿನ ಬೆಳಕು ಹೇಗೋ ಜಾರಿ ಅವರ ಮುಖದ ಮೇಲೆ ಬಿತ್ತು. ಪಾಳಿ ಮುಗಿಸಿ, ಯಾವ ಅನಾಹುತವೂ ಆಗಲಿಲ್ಲ ಎಂದು ಮನೆಗೆ ಬರುವಾಗಿನ ಮುಖ. ಹಗುರಾಗಿದ್ದರು.

"ಇದು ಸಣ್ಣದಾಯ್ತು" ಅಂದರು. "ಇನ್ನೂ ದೊಡ್ಡ ಕೂಲರ್ ಹುಡುಕ್ಬೇಕು. ಮುಂದಿನ ವಾರ ನೋಡೋಣ."

"ನಾಳೇನೇ ಸೋಮವಾರ. ಮುಂದಿನ ವಾರಕ್ಕೆ ನನ್ನ ಜಾಗ ಎಲ್ಲಿರುತ್ತಪ್ಪ?"

"ಲ್ಯಾಬಿನವರು ಹೇಗೂ ಹೂಂ ಅಂದಿದಾರಲ್ಲ. ಸದ್ಯಕ್ಕೆ ಅಲ್ಲಿಗೆ ಸೇರ್ಕೋ."

"ನಿಮಗೆ ಇದು ಕೆಂಪಿಗೆ ಹೋಗ್ಬೇಕು."

"ಏನಂದೆ?"

"ಹೋದ್ರೆ ನಿಮಗೆ ಖುಷಿ. ಈಗ ನೋಡ್ದೆ. ಅದಕ್ಕೆ ನೀರಿನ ಟ್ಯಾಂಕರ್ ಕಟ್ಟಿದ್ರೂ ನೀವು ಕೆಂಪಾಗೋವರೆಗೂ ಕಾಯ್ತೀರ!"

ನನ್ನ ದನಿ ಗೂಡಿನಲ್ಲಿ ಬಡಿದು ನನಗೇ ವಾಪಸ್ ಬಂತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಕಿಕ್ ಹೊಡೆದರು. "ಇನ್ನೊಂದ್ಸಲ ನೋಡೋಣ, ಸರಿಯಾಗಿ ಬೆಳಕು ಬಿಡು" ಅಂದರು. ನಾನು ಮೂಗು ಒರೆಸಿಕೊಳ್ಳುತ್ತ ಬೆಳಕು ಬಿಟ್ಟೆ. ಬೇರೇನು ಮಾಡುವುದು? ಕೀ ಅವರ ಗಿರಣಿಯ ಕೀಗೊಂಚಲಿನಲ್ಲಿತ್ತು. ಕಾದ ಇಂಜಿನ್ನು, ಮುಳ್ಳು ಆಗಲೇ ಹಳದಿಯ ಕೊನೆಯಲ್ಲಿತ್ತು.

ಅಷ್ಟರಲ್ಲಿ ಮನೆಯೊಳಗಿನ ಬಾಗಿಲು ದಡಾರನೆ ತೆರೆಯಿತು. ಅಜ್ಜಿ. ಅಪ್ಪನ ಅಮ್ಮ. ಅವಳ ಕೋಣೆ ಶೆಡ್ಡಿನ ಗೋಡೆಯಾಚೆಗೇ ಇರುವುದು. ಒಂದು ಕೈಯಲ್ಲಿ ಕುತ್ತಿಗೆ ಬೆವರು ಒರೆಸುತ್ತ, ಇನ್ನೊಂದರಲ್ಲಿ ತನ್ನ ನಿಲ್ಲುವ ಫ್ಯಾನನ್ನು ದರದರ ಎಳೆದುಕೊಂಡು ಬಂದಳು.

"ಏನೋ ಇದು, ನನ್ನ ಗೋಡೇನ ಹಂಚು ಮಾಡಿಟ್ಟಿದೀಯ! ಬೆನ್ನು ಒರಗಿಸೋ ಹಾಗಿಲ್ಲ. ಒಳಗಿನ ಬಿಸಿಯನ್ನೆಲ್ಲ ಹೊರಗೆ ತಳ್ಳು ಮೊದ್ಲು!"

"ಅಮ್ಮಾ, ಟೆಸ್ಟ್ ನಡೀತಿದೆ—"

"ನಿನ್ನ ಟೆಸ್ಟ್ ಒಲೆಗೆ ಹಾಕ. ಮಗು ಮುಖ ನೋಡು, ಬೆಂದುಹೋಗಿದೆ."

ಪ್ಲಗ್ ಚುಚ್ಚಿ, ಫ್ಯಾನನ್ನು ಬೈಕಿನ ಮುಂದೆ ನಿಲ್ಲಿಸಿ, ಶಟರ್ ಕಡೆಗೆ ಮುಖ ಮಾಡಿ ಫುಲ್ ಸ್ಪೀಡಿಗೆ ತಿರುವಿದಳು. ಧೂಳು, ಹಳೆಯ ಪೇಪರು, ನನ್ನ ಕೂದಲು, ಎಲ್ಲ ಎದ್ದವು. ಹೊರಗೆ ನಾಯಿ ಬೊಗಳಿತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಇನ್ನೂ ಏನೇನೋ ಬೈಯುತ್ತಿದ್ದಳು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಟಾರ್ಚು ಮುಳ್ಳಿನ ಮೇಲಿತ್ತು.

ಮುಳ್ಳು ನಿಂತಿತು. ಕೆಂಪಿಗೆ ಕೂದಲೆಳೆ ದೂರದಲ್ಲಿ. ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ, ಹಿಂದಕ್ಕೆ ಸರಿಯಿತು. ಹಳದಿ. ಇನ್ನೂ ಹಿಂದಕ್ಕೆ.

ಅಪ್ಪ ಎದ್ದು ಫ್ಯಾನ್ ಆರಿಸಿದರು. ಮುಳ್ಳು ಏರಿತು. ಹಚ್ಚಿದರು. ಇಳಿಯಿತು. ಮತ್ತೆ ಆರಿಸಿದರು. "ಗಾಳಿಗೆ ಅಂತ ತಂದ್ರೆ ಆಟ ಆಡ್ತೀಯೇನೋ!" ಅಂತ ಅಜ್ಜಿ ಅವರ ಕೈ ಮೇಲೆ ಒಂದು ಪೆಟ್ಟು ಕೊಟ್ಟು ತಾನೇ ಹಚ್ಚಿದಳು. ಬಾಯ್ಲರು ನಿಂತಲ್ಲೇ ನಿಂತು ದುಡಿಯುತ್ತದೆ, ಅದನ್ನು ನೋಡಿ ನೋಡಿ ಅಪ್ಪ ಬೈಕನ್ನೂ ನಿಲ್ಲಿಸಿ ಅಳೆದಿದ್ದರು. ಗಾಳಿಗಾಗಿಯೇ ಮಾಡಿದ ಇಂಜಿನ್ನನ್ನು ಗಾಳಿಯಿಲ್ಲದ ಗೂಡಿನಲ್ಲಿ. ಅದಕ್ಕೆ ಕಟ್ಟಿದ ಕೂಲರಿಗೂ ಬೇಕಾಗಿದ್ದು ಅದೇ ಗಾಳಿ.

ಇಂಜಿನ್ ಆರಿಸಿದರು. ಅಜ್ಜಿ ಗೆದ್ದವಳಂತೆ ಒಳಗೆ ಹೋದಳು. ಫ್ಯಾನ್ ಮಾತ್ರ ತಿರುಗುತ್ತಿತ್ತು.

"ಟೆಸ್ಟೇ ತಪ್ಪು" ಅಂದರು ಅಪ್ಪ. ಅವರ ಬಾಯಲ್ಲಿ ಅದು ಸಣ್ಣ ಮಾತಲ್ಲ.

ನಾನು ಕಾದೆ. ಅವರ ಕಣ್ಣು ಬೈಕಿನ ಮೇಲೆಲ್ಲ ಓಡಾಡಿತು. ಬ್ರೇಕಿನ ಮೇಲೆ ನಿಂತಿತು, ಚೈನಿನ ಮೇಲೆ, ಟಯರಿನ ಮೇಲೆ. ಇನ್ನೊಂದು ಮುಳ್ಳು ಹುಡುಕುತ್ತಿದ್ದರು.

"ಹಿಂದಿನ ಬ್ರೇಕು ಒಂದ್ಸಲ—"

"ಅಪ್ಪ."

ಅವರು ಸ್ಟೂಲಿನ ಮೇಲೆ ಕೂತು, ಮುಂಗೈ ಮೇಲಿನ ಹಳೆಯ ಸುಟ್ಟ ಗಾಯವನ್ನು ಉಜ್ಜಿಕೊಂಡರು. ಗಿರಣಿಯಲ್ಲಿ ಎಂದೋ ಹಬೆ ಬಡಿದದ್ದು. ಆವತ್ತು ಬಾಯ್ಲರಿನ ಮುಳ್ಳು ನೋಡುವ ಪಾಳಿ ಬೇರೆ ಯಾರದ್ದೋ ಆಗಿತ್ತಂತೆ.

"ಇಲ್ಲಿ ಕೆಂಪಾದ್ರೆ ನಾನಿದೀನಿ ಆರಿಸೋಕೆ. ಅಲ್ಲಿ ಆದ್ರೆ ಯಾರಿದಾರೆ?" ಅಂದರು.

"ನಾನಿರ್ತೀನಿ. ಕೀ ನನ್ನ ಕೈಲೇ ಇರುತ್ತಲ್ಲ."

ಅಪ್ಪ ಕೀಗೊಂಚಲು ಹೊರಗೆಳೆದು, ಉಂಗುರದಿಂದ ಬೈಕಿನ ಕೀ ಬಿಡಿಸಲು ಕೂತರು. ಹಳೆಯ ಉಂಗುರ, ಬಿಗಿ. ಉಗುರು ಸಿಕ್ಕಿಸಿದರು, ಹಲ್ಲಿನಲ್ಲಿ ಕಚ್ಚಿದರು. ಸಹಾಯ ಮಾಡಲು ಹೋದ ನನ್ನ ಕೈಯನ್ನು ತಳ್ಳಿದರು. ಕೊನೆಗೂ ಕೀ ಹೊರಬಂದಾಗ ಅದು ಬೆಚ್ಚಗಿತ್ತು.

"ಕೂಲರ್ ಬಿಚ್ಚಲಾ, ಹಾಗೇ ಬಿಡ್ಲಾ?"

ಗಾಳಿಯಿದ್ದರೆ ಕೂಲರೇ ಬೇಕಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

"ಇರ್ಲಿ ಬಿಡಿ" ಅಂದೆ.

ಸೋಮವಾರ ಬೆಳಿಗ್ಗೆ ಬೆಟ್ಟದ ಅರ್ಧ ದಾರಿಯಲ್ಲಿ ಬೈಕು ನಿಲ್ಲಿಸಿ ಅಪ್ಪನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಹಿಂದೆ ಬಾಯ್ಲರಿನ ಬುಸುಗುಟ್ಟುವ ಸದ್ದು.

"ಕೆಂಪಾ?"

"ಅಲ್ಲಪ್ಪ. ಮುಳ್ಳು ಏಳ್ತಾನೇ ಇಲ್ಲ. ಇಲ್ಲಿ ಚಳಿ ಗಾಳಿ. ಇಂಜಿನ್ ಗೊರಗೊರ ಅಂತಿದೆ, ಎಣ್ಣೆ ಗಟ್ಟಿಯಾದ ಹಾಗಿದೆ."

"ನಿಮ್ಮ ಮಾವನಿಗೆ ಹೇಳ್ಬೇಡ" ಅಂದರು.

"ಇಲ್ಲ."

"ರಟ್ಟು ಏನಾದ್ರೂ ಇದ್ಯಾ?"

"ಬಿಸ್ಕೆಟ್ ಡಬ್ಬದ್ದಿದೆ."

"ಕೂಲರಿಗೆ ಅಡ್ಡ ಕಟ್ಟು. ಅರ್ಧ ಮಾತ್ರ."

"ಪೂರ್ತಿ ಮುಚ್ಚಿದ್ರೆ?"

"ಪೂರ್ತಿ ಮುಚ್ಚಿದ್ರೆ ನಮ್ಮ ಶೆಡ್ಡಾಗುತ್ತೆ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೂ ನಗಲಿಲ್ಲ.

"ದಿನಾ ಸಂಜೆ ಫೋನ್ ಮಾಡಿ ಮುಳ್ಳು ಎಲ್ಲಿದೆ ಹೇಳು."

"ದಿನಾ ಬೇಡಪ್ಪ. ಕೆಂಪಾದ್ರೆ ಮಾಡ್ತೀನಿ."

ಬಾಯ್ಲರು ಒಂದು ಉದ್ದನೆಯ ಉಸಿರು ಬಿಟ್ಟಿತು.

"ಆಗ್ದಿದ್ರೂ ಮಾಡು" ಅಂದರು.

ಚೂಡಿದಾರದ ದುಪಟ್ಟಾದ ಅಂಚು ಹರಿದು ರಟ್ಟನ್ನು ಅರ್ಧಕ್ಕೆ ಕಟ್ಟಿ, ಕಿಕ್ ಹೊಡೆದೆ. ಮುಂದಿನ ತಿರುವು ದಾಟುವಷ್ಟರಲ್ಲಿ ಮುಳ್ಳು ಮೆಲ್ಲಗೆ ಹಸಿರಿನ ಕಡೆ ಏಳುತ್ತಿತ್ತು.